ಅರ್ಧ ಮಿಲಿಮೀಟರ್ ಸಂದಿಗೋಸ್ಕರ ನೂರನಲವತ್ತು ವರ್ಷದ ಗುದ್ದಾಟ

ಟರ್ಬೈನ್ ಅಂದ್ರೆ ತಿರುಗೋ ಬ್ಲೇಡುಗಳು, ಸುತ್ತ ಒಂದು ಕೇಸಿಂಗ್, ಎರಡರ ಮಧ್ಯೆ ಚೂರೇ ಚೂರು ಸಂದಿ. ಜಗಳ ಎಲ್ಲಾ ಆ ಸಂದೀದೇ. ಜಾಸ್ತಿ ಬಿಟ್ರೆ ಹಬೆನೋ ಬಿಸಿ ಗಾಳಿನೋ ಕೆಲಸ ಮಾಡದೇ ಬ್ಲೇಡಿನ ತುದಿ ದಾಟಿ ನುಸುಳಿ ಹೋಗುತ್ತೆ, ಕಮ್ಮಿ ಬಿಟ್ರೆ ಬ್ಲೇಡು ಕೇಸಿಂಗಿಗೆ ಉಜ್ಜುತ್ತೆ. ತಣ್ಣಗಿದ್ದಾಗ ಸರಿಯಾಗಿ ಅಳತೆ ಮಾಡಿ ಕೂರಿಸಿದ್ರೆ ಆಯ್ತಲ್ಲ ಅಂತ ಅನ್ಸುತ್ತೆ, ಆದ್ರೆ ಉಕ್ಕು ಮೀಟರಿಗೆ ಡಿಗ್ರಿಗೆ ಹತ್ತಿರತ್ರ 12 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹಿಗ್ಗುತ್ತೆ, ಅಂದ್ರೆ 1 ಮೀಟರ್ ಅಡ್ಡಳತೆಯ ಕೇಸಿಂಗ್ 300 ಡಿಗ್ರಿ ಬಿಸಿಯಾದ್ರೆ ಮೂರೂವರೆ ಮಿಲಿಮೀಟರ್ ದೊಡ್ಡದಾಗುತ್ತೆ, ನಾವು ಬಿಡೋ ಸಂದಿ ಎಷ್ಟೋ ಕಡೆ ಒಂದು ಮಿಲಿಮೀಟರೂ ಇರಲ್ಲ. ಒಳಗಿನ ರೋಟರ್ರೂ, ಅಂದ್ರೆ ಬ್ಲೇಡು ಸಮೇತ ತಿರುಗೋ ಭಾಗವೂ, ಅದರ ಜೊತೆಜೊತೆಗೇ ಹಿಗ್ಗಿದ್ರೆ ತೊಂದ್ರೆ ಇರ್ತಿರ್ಲಿಲ್ಲ. ಒಂದು ಬೇಗ ಕಾಯುತ್ತೆ, ಇನ್ನೊಂದು ನಿಧಾನ. ಮೆಷಿನ್ ಶುರುವಾಗಿ ಸೆಟ್ಲ್ ಆಗೋ ಆ ಕೆಲವು ನಿಮಿಷ ಉಜ್ಜದೇ ಇರ್ಲಿ ಅಂತ ಜಾಸ್ತಿ ಸಂದಿ ಬಿಡ್ತೀವಿ, ಆಮೇಲೆ ಗಂಟೆಗಟ್ಟಲೆ ಓಡೋವಾಗೆಲ್ಲಾ ಅದಕ್ಕೆ ಇಂಧನದಲ್ಲಿ ದಂಡ ಕಟ್ತೀವಿ.

ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ಮಾಡಿದ ಮೊದಲ ಸ್ಟೀಮ್ ಟರ್ಬೈನ್ ನಿಮಿಷಕ್ಕೆ 18,000 ಸುತ್ತು ತಿರುಗ್ತಿತ್ತು, ಪವರ್ ಮಾತ್ರ 7.5 ಕಿಲೋವ್ಯಾಟ್. ಅವರ ಡಿಸೈನಲ್ಲಿ ತಿರುಗೋ ಬ್ಲೇಡಿನ ಹಿಂದೆ ಮುಂದೆ ಕೂಡ ಪ್ರೆಶರ್ ವ್ಯತ್ಯಾಸ ಇರ್ತಿತ್ತು, ಹಾಗಾಗಿ ತುದಿಯಲ್ಲಿ ಸೋರಿಕೆ ಅನ್ನೋದು ಹುಟ್ಟಿನಿಂದಲೇ ಬಂದ ಕಾಯಿಲೆ. ಮೆಷಿನ್ ದೊಡ್ಡದಾಗ್ತಾ ಇನ್ನೊಂದು ಕಾಟ ಸೇರ್ಕೊಂಡ್ತು. ಬಿಸಿ ಟರ್ಬೈನ್ ನಿಲ್ಲಿಸಿದ್ರೆ ಒಳಗಿನ ಬಿಸಿ ಮೇಲಕ್ಕೆ ಏರುತ್ತೆ, ಶಾಫ್ಟಿನ ಮೇಲ್ಭಾಗ ಬಿಸಿ, ಕೆಳಭಾಗ ತಣ್ಣಗೆ, ಟನ್‌ಗಟ್ಟಲೆ ತೂಕದ ಶಾಫ್ಟು ಬಿಲ್ಲಿನ ಹಾಗೆ ಮೇಲಕ್ಕೆ ಬಾಗುತ್ತೆ. ಅದಕ್ಕೇ ಟರ್ನಿಂಗ್ ಗೇರ್ ಬಂತು, ನಿಲ್ಲಿಸಿದ ಮೇಲೂ ಗಂಟೆಗಟ್ಟಲೆ ನಿಧಾನಕ್ಕೆ ತಿರುಗಿಸ್ತಾ ಇರೋದು. 1926ರಲ್ಲಿ ನ್ಯೂಕರ್ಕ್ ಅನ್ನೋ ಎಂಜಿನಿಯರ್ ಇನ್ನೂ ಭಯಂಕರವಾದ್ದೊಂದನ್ನ ವಿವರಿಸಿದ್ರು: ಶಾಫ್ಟು ಒಂದೇ ಜಾಗದಲ್ಲಿ ಉಜ್ಜಿದ್ರೆ ಆ ಜಾಗ ಕಾಯುತ್ತೆ, ಕಾದ ಕಡೆಗೇ ಇನ್ನಷ್ಟು ಬಾಗುತ್ತೆ, ಬಾಗಿದ್ದಕ್ಕೆ ಇನ್ನಷ್ಟು ಉಜ್ಜುತ್ತೆ, ಕ್ರಿಟಿಕಲ್ ಸ್ಪೀಡಿನ (ಶಾಫ್ಟು ತಾನಾಗೇ ಜೋರಾಗಿ ಅದುರೋಕೆ ಶುರುಮಾಡೋ ವೇಗ) ಕೆಳಗೆ ಇದು ಹಾಗೇ ಬೆಳೀತಾ ಹೋಗುತ್ತೆ. ಸಂದಿ ಯಾಕೆ ಧಾರಾಳವಾಗಿ ಬಿಡ್ತಿದ್ರು ಅನ್ನೋದು ಇದನ್ನ ಓದಿದ ಮೇಲೆ ಅರ್ಥ ಆಗುತ್ತೆ.

ನಿಜವಾದ ಪರೀಕ್ಷೆ ಅಂದ್ರೆ ಜೆಟ್ ಎಂಜಿನ್. ಟೇಕಾಫ್‌ಗೆ ಪೈಲಟ್ ಥ್ರಾಟಲ್ ತಳ್ಳಿದ ತಕ್ಷಣ ತಿರುಗೋ ಜೋರಿಗೇ ರೋಟರ್ ಹೊರಕ್ಕೆ ಹಿಗ್ಗುತ್ತೆ, ಬ್ಲೇಡು ಸೆಕೆಂಡುಗಳಲ್ಲಿ ಕಾಯುತ್ತೆ, ಕೇಸಿಂಗ್ ಆಮೇಲೆ ಹಿಗ್ಗೋಕೆ ಶುರು ಮಾಡುತ್ತೆ, ಬ್ಲೇಡುಗಳನ್ನ ಹಿಡಿದಿರೋ ದಪ್ಪ ಡಿಸ್ಕ್ ಕಾಯೋಕೆ ನಿಮಿಷಗಳೇ ಬೇಕು. ಹಾಗಾಗಿ ಮೊದಲು ಸಂದಿ ಪೂರ್ತಿ ಕಿರಿದಾಗುತ್ತೆ, ಆಮೇಲೆ ಕೇಸಿಂಗ್ ಹಿಗ್ಗಿ ಅಗಲ ಆಗುತ್ತೆ, ಡಿಸ್ಕ್ ಕಾದ ಮೇಲೆ ಮತ್ತೆ ಸ್ವಲ್ಪ ಮುಚ್ಚುತ್ತೆ. ಇನ್ನೂ ಕಷ್ಟದ್ದು ಅಂದ್ರೆ ಥ್ರಾಟಲ್ ಇಳಿಸಿ ತಕ್ಷಣ ಮತ್ತೆ ಏರಿಸೋದು, ಕೇಸಿಂಗ್ ಆಗ್ಲೇ ತಣ್ಣಗಾಗಿ ಕುಗ್ಗಿರುತ್ತೆ, ಡಿಸ್ಕ್ ಇನ್ನೂ ಬಿಸಿ. ದೊಡ್ಡ ಎಂಜಿನ್‌ಗಳ ಹೈ ಪ್ರೆಶರ್ ಟರ್ಬೈನಲ್ಲಿ 0.25 ಮಿಲಿಮೀಟರ್ ಸಂದಿ ಕಮ್ಮಿ ಮಾಡಿದ್ರೆ ಸುಮಾರು 1 ಪರ್ಸೆಂಟ್ ಇಂಧನ ಉಳಿಯುತ್ತೆ, ಎಕ್ಸಾಸ್ಟ್ ಟೆಂಪರೇಚರ್ 10 ಡಿಗ್ರಿ ಇಳಿಯುತ್ತೆ ಅನ್ನೋದು ನಾಸಾದವರ ಅಂದಾಜು.

1973ರ ತೈಲ ಬಿಕ್ಕಟ್ಟು ಬರೋವರೆಗೂ ಆ 1 ಪರ್ಸೆಂಟಿಗೆ ಅಷ್ಟು ಬೆಲೆ ಇರ್ಲಿಲ್ಲ. ಆಮೇಲೆ ನಾಸಾ ದುಡ್ಡು ಹಾಕಿ ಅಮೆರಿಕದ ಎಂಜಿನ್ ಕಂಪನಿಗಳ ಜೊತೆ ಕೂತ್ಕೊಳ್ತು. ಬೋಯಿಂಗ್ 747ರ ಜೆಟಿ9ಡಿ ಎಂಜಿನ್ ಹಳೇದಾಗ್ತಾ ಯಾಕೆ ಜಾಸ್ತಿ ಇಂಧನ ಕುಡಿಯುತ್ತೆ ಅಂತ ಬಿಚ್ಚಿ ನೋಡಿದಾಗ ಗೊತ್ತಾಗಿದ್ದು, ಹೊಸ ಎಂಜಿನ್ನಿನ ಮೊದಮೊದಲ ಹಾರಾಟಗಳಲ್ಲೇ ಗಾಳಿಯ ಒತ್ತಡಕ್ಕೆ ಕೇಸಿಂಗ್ ಸ್ವಲ್ಪ ಸೊಟ್ಟ ಆಗಿ ಬ್ಲೇಡ್ ಉಜ್ಜಿ ಸಂದಿ ಶಾಶ್ವತವಾಗಿ ಅಗಲ ಆಗ್ತಿತ್ತು. ಬಿಸಿ ಒಂದೇ ಕಾರಣ ಅಲ್ಲ ಅನ್ನೋದು ದೊಡ್ಡ ಪಾಠ. ಅದೇ ಕಾಲದಲ್ಲಿ ಬಂದಿದ್ದು ಆ್ಯಕ್ಟಿವ್ ಕ್ಲಿಯರೆನ್ಸ್ ಕಂಟ್ರೋಲ್. ಎತ್ತಿನ ಗಾಡಿ ಚಕ್ರಕ್ಕೆ ಕಮ್ಮಾರರು ಕಬ್ಬಿಣದ ಪಟ್ಟಿ ಕಾಯಿಸಿ ಹಾಕಿ ನೀರು ಸುರಿದು ಬಿಗಿ ಮಾಡ್ತಾರಲ್ಲ, ಹೆಚ್ಚುಕಮ್ಮಿ ಅದೇ ತತ್ವ: ಟೇಕಾಫಲ್ಲಿ ಕೇಸಿಂಗ್ ಅಗಲವಾಗಿರೋಕೆ ಬಿಡೋದು, ವಿಮಾನ ಮೇಲೇರಿ ಸಮವಾಗಿ ಓಡೋಕೆ ಶುರುವಾದ್ಮೇಲೆ ಸಣ್ಣ ತೂತಿನ ಪೈಪುಗಳಿಂದ ಕೇಸಿಂಗಿನ ಹೊರಮೈಗೆ ತಣ್ಣನೆ ಗಾಳಿ ಊದಿ ಅದನ್ನ ಕುಗ್ಗಿಸೋದು. ಇವತ್ತಿನ ದೊಡ್ಡ ಪ್ಯಾಸೆಂಜರ್ ಎಂಜಿನ್‌ಗಳಲ್ಲಿ ಇದು ಮಾಮೂಲಿ.

ನೆಲದ ಮೇಲಿನ ಮೆಷಿನ್‌ಗಳಿಗೆ ಬೇರೆ ದಾರಿ ಸಿಕ್ತು. ಸ್ಟೀಮ್ ಟರ್ಬೈನಲ್ಲಿ ಶುರುವಿಗೆ ಒಂದು ಸ್ಪ್ರಿಂಗು ಸೀಲನ್ನ, ಅಂದ್ರೆ ಸೋರಿಕೆ ತಡೆಯೋ ಉಂಗುರವನ್ನ, ಶಾಫ್ಟಿನಿಂದ ದೂರ ಹಿಡಿದಿರುತ್ತೆ, ಹಬೆ ಒತ್ತಡ ಏರಿದ ಮೇಲೆ ಅದೇ ಒತ್ತಡ ಸೀಲನ್ನ ಶಾಫ್ಟಿನ ಹತ್ತಿರ ತಳ್ಳುತ್ತೆ, ಸೆನ್ಸರ್ ಬೇಡ ಮೋಟರ್ ಬೇಡ, ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಐಡಿಯಾ ಇದು. ಸೀಮೆನ್ಸ್‌ನವರು ಗ್ಯಾಸ್ ಟರ್ಬೈನಲ್ಲಿ ಕೇಸಿಂಗ್ ಮುಟ್ಟೋದೇ ಬೇಡ ಅಂದ್ರು. ಟರ್ಬೈನ್ ಭಾಗ ಶಂಕುವಿನ ಆಕಾರದಲ್ಲಿರೋದ್ರಿಂದ ಪೂರ್ತಿ ಕಾದ ಮೇಲೆ ಹೈಡ್ರಾಲಿಕ್ಸ್‌ನಿಂದ ಇಡೀ ರೋಟರನ್ನೇ ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಸಿದ್ರೆ ಸಂದಿ ತಾನಾಗೇ ಕಮ್ಮಿ ಆಗುತ್ತೆ. ಗಾಳಿಯನ್ನ ಒತ್ತಿ ಒಳಗೆ ಕಳಿಸೋ ಕಂಪ್ರೆಸರ್ ಕಡೆ ಸಂದಿ ಸ್ವಲ್ಪ ಜಾಸ್ತಿ ಆಗುತ್ತೆ ನಿಜ, ಆದ್ರೂ ಒಟ್ಟಲ್ಲಿ ಲಾಭವೇ.

ಸಂದಿ ಬಿಗಿ ಮಾಡಿದಷ್ಟೂ ಬಾಗಿದ ಶಾಫ್ಟಿನ ಹಳೇ ಕಾಟ ವಾಪಸ್ ಬರುತ್ತೆ ಅನ್ನೋದು 2016ರಲ್ಲಿ ಎಲ್ಲರಿಗೂ ಕಾಣಿಸ್ತು. ಎ320ನಿಯೋ ವಿಮಾನದ ಹೊಸ ಪ್ರಾಟ್ ಎಂಡ್ ವಿಟ್ನಿ ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಸ್ಟಾರ್ಟ್ ಮಾಡ್ಬೇಕಂದ್ರೆ ಶಾಫ್ಟ್ ಒಂದೇ ಸಮ ತಣ್ಣಗಾಗೋಕೆ ನಿಮಿಷಗಟ್ಟಲೆ ಬರೀ ತಿರುಗಿಸ್ಬೇಕಿತ್ತು. ಕತಾರ್ ಏರ್‌ವೇಸ್ ಮೊದಲು ತಗೋಬೇಕಿದ್ದ ವಿಮಾನವನ್ನ ಒಲ್ಲೆ ಅಂತು, ಮೊದಲನೇದು ಲುಫ್ತಾನ್ಸಾಗೆ ಹೋಯ್ತು. ಆಮೇಲೆ ಸಾಫ್ಟ್‌ವೇರ್ ಬದಲಾಯಿಸಿ, ಅದುರಾಟ ತಗ್ಗಿಸೋ ಬೇರಿಂಗ್ ಡ್ಯಾಂಪರ್ ಹಾಕಿ ಟೈಮ್ ಇಳಿಸಿದ್ರು.

ಈಗ ನಮ್ಮ ರಾಯಚೂರಿನ ಶಕ್ತಿನಗರಕ್ಕೆ ಬನ್ನಿ. 1985ರಿಂದ ಓಡ್ತಿರೋ ಆ ಥರ್ಮಲ್ ಸ್ಟೇಷನ್ನಿನ 210 ಮೆಗಾವ್ಯಾಟ್ ಯೂನಿಟ್‌ಗಳನ್ನ ಹಗಲೂ ರಾತ್ರಿ ಒಂದೇ ಲೋಡಲ್ಲಿ ಓಡ್ಲಿ ಅಂತ ಮಾಡಿದ್ದು. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಂಥವು ಬಂದ ಮೇಲೆ ಮಧ್ಯಾಹ್ನ ಲೋಡ್ ಇಳಿಸು, ಸಂಜೆ ಏರಿಸು, ಮಳೆಗಾಲದಲ್ಲಿ ಹೈಡ್ರೋ ಜೋರಿದ್ರೆ ನಿಲ್ಲಿಸೇ ಬಿಡು ಅನ್ನೋ ಸ್ಥಿತಿ, 2023ರ ಕೇಂದ್ರದ ನಿಯಮವಂತೂ ಕಲ್ಲಿದ್ದಲು ಯೂನಿಟ್‌ಗಳು ಪೂರ್ತಿ ಸಾಮರ್ಥ್ಯದ 55 ಪರ್ಸೆಂಟ್‌ವರೆಗೆ, ಮುಂದೆ ಹಂತಹಂತವಾಗಿ 40 ಪರ್ಸೆಂಟ್‌ವರೆಗೆ ಇಳೀಬೇಕು ಅನ್ನುತ್ತೆ. ಸೋಲಾರ್ ಬೇಡ ಅಂತ ನಾನು ಖಂಡಿತ ಹೇಳ್ತಿಲ್ಲ, ಬೇಕೇ ಬೇಕು. ಆದ್ರೆ ಪ್ರತಿ ನಿಲ್ಸೋದು ಶುರುಮಾಡೋದಕ್ಕೂ ಸೀಲುಗಳು ಚೂರು ಸವೀತವೆ, ಸಂದಿ ಚೂರು ಅಗಲ ಆಗುತ್ತೆ, ಆಮೇಲೆ ಅದೇ ಕರೆಂಟಿಗೆ ಜಾಸ್ತಿ ಕಲ್ಲಿದ್ದಲು. ಓವರ್‌ಹಾಲಲ್ಲಿ ಸೀಲ್ ಬದಲಾಯಿಸೋ ಖರ್ಚನ್ನ ಮುಂದೂಡದೇ, ಎಷ್ಟು ಸಲ ಸ್ಟಾರ್ಟ್ ಆಯ್ತು ಅನ್ನೋ ಲೆಕ್ಕದ ಮೇಲೆ ಅದಕ್ಕೆ ದುಡ್ಡು ತೆಗೆದಿಡಬೇಕು, ಕರೆಂಟಿನ ರೇಟ್ ಫಿಕ್ಸ್ ಮಾಡೋವಾಗಲೇ.