ಮಂಗನ ಕಾಯಿಲೆಯ ಮೇಲೆ ಪಿಎಚ್.ಡಿ. ಮಾಡಲು ಡಾಕ್ಟರೇ ಆಗಿರಬೇಕೆ?

ಪ್ರಶ್ನೆ: ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಊರು ಸಾಗರದ ಕಡೆ, ಹಾಗಾಗಿ ಮಂಗನ ಕಾಯಿಲೆಯ ಹೆಸರು ಕೇಳುತ್ತಲೇ ಬೆಳೆದವಳು. ಇಂಥ ರೋಗಗಳ ಮೇಲೆ ಸಂಶೋಧನೆ ಮಾಡುವ ಆಸೆಯಿದೆ. ವೈದ್ಯಕೀಯ ಓದದವರಿಗೆ ಅವಕಾಶ ಇದೆಯೇ? ಎಲ್ಲಿ?

ಉತ್ತರ: ಧಾರಾಳವಾಗಿ ಇದೆ. ಎಂಬಿಬಿಎಸ್ ಇಲ್ಲದಿರುವುದು ಇಲ್ಲಿ ಕೊರತೆಯೇ ಅಲ್ಲ. ಉಣುಗಿನ ಕಡಿತದಿಂದ ಬರುವ ಮಂಗನ ಕಾಯಿಲೆಯಲ್ಲಿ ಮನುಷ್ಯ ದಾರಿ ತಪ್ಪಿ ಒಳಹೊಕ್ಕ ಅತಿಥಿ. ಅವನಿಂದ ಇನ್ನೊಬ್ಬರಿಗೆ ರೋಗ ದಾಟುವುದಿಲ್ಲ. ವೈರಸ್ಸಿನ ಸಂಸಾರವೆಲ್ಲ ಕಾಡಿನಲ್ಲಿ, ಉಣುಗು, ಇಲಿ, ಸುಂಡಿಲಿ, ಮುಸಿಯಗಳ ನಡುವೆ. ಡಾಕ್ಟರರ ಕೆಲಸ ಜ್ವರ ಬಂದಮೇಲೆ ಶುರುವಾಗುತ್ತದೆ, ನಿಮ್ಮದು ಜ್ವರ ಬರುವುದಕ್ಕೆ ಎಷ್ಟೋ ತಿಂಗಳು ಮೊದಲು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಇದು ಹಳದಿ ಜ್ವರವಿರಬಹುದೇ ಎಂಬ ಆತಂಕದಿಂದಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದದ್ದು. ಸಿಕ್ಕಿದ್ದು ಬೇರೆಯೇ ವೈರಸ್. ಮುಂದೆ 1969ರಲ್ಲಿ ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ ಇದರ ಬೇರನ್ನು ಊರಂಚಿನಲ್ಲಿ ಹುಡುಕಿದರು. ಕಾಡು ಕಡಿದು ಗದ್ದೆಯಾಯಿತು, ದನಗಳು ಕಾಡಿನ ಅಂಚಿನಲ್ಲಿ ಮೇಯತೊಡಗಿದವು, ಬೆಳೆದ ಉಣುಗುಗಳಿಗೆ ದನದ ಮೈಯಲ್ಲಿ ಹೇರಳ ರಕ್ತ ಸಿಕ್ಕಿತು, ಅವುಗಳ ಸಂತತಿ ಹೆಚ್ಚಿತು. ದನದಲ್ಲಿ ವೈರಸ್ ಹೆಚ್ಚಾಗುವುದಿಲ್ಲ, ಆದರೆ ಉಣುಗು ಹೆಚ್ಚಾಗುತ್ತದೆ. ಈ ಒಂದು ವಾಕ್ಯದಲ್ಲೇ ಒಂದಿಡೀ ಶಾಸ್ತ್ರವಿದೆ. 2020ರಲ್ಲಿ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಎಟ್ರೀ, ಯಲಹಂಕದ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ, ಬ್ರಿಟನ್ನಿನ ಪರಿಸರ ಸಂಶೋಧನಾ ಕೇಂದ್ರ ಮತ್ತಿತರರು ಸೇರಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿ ಹೋಗುತ್ತದೆ: ಶಿವಮೊಗ್ಗ ಜಿಲ್ಲೆಯಲ್ಲಿ ತೇವದ ಕಾಡು ಮತ್ತು ತೋಟಗಳು ಬೆರೆತ, ನಾಟಿ ದನಗಳು ಹೆಚ್ಚಿರುವ ಜಾಗಗಳಲ್ಲಿ ರೋಗದ ಸಂಭವ ಹೆಚ್ಚು. ಈಗ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೆ ರೋಗ ಕಾಣಿಸಿಕೊಂಡಿದೆ. ಮಳೆಗಾಲದಲ್ಲಿ ವೈರಸ್ ಎಲ್ಲಿ ಕುಳಿತಿರುತ್ತದೆ, ಯಾವ ಪ್ರಾಣಿಯ ಪಾಲು ಎಷ್ಟು ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಒಂದಲ್ಲ, ನಾಲ್ಕಾರು ಪಿಎಚ್.ಡಿ.ಗಳಿಗೆ ಆಗುವಷ್ಟು ಕೆಲಸ ಬಾಕಿಯಿದೆ.

ಕೆಲಸ ಹೇಗಿರುತ್ತದೆ ಎಂದರೆ ಹೀಗೆ. ಒಂದು ಮೀಟರಿನಷ್ಟು ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ, ದರಕಿನ (ಉದುರಿದ ಒಣ ಎಲೆಗಳ) ಮೇಲೆ ಮೆಲ್ಲಗೆ ಎಳೆಯುತ್ತಾ ಹೋಗುತ್ತೀರಿ. ಕೆಲವು ಹೆಜ್ಜೆಗೊಮ್ಮೆ ನಿಂತು ಬಟ್ಟೆ ಮಗುಚಿ ನೋಡಿದರೆ ರಾಗಿ ಕಾಳಿನಷ್ಟು ಕಂದು ಚುಕ್ಕಿಗಳು ಹರಿದಾಡುತ್ತಿರುತ್ತವೆ. ಅವೇ ಮರಿ ಉಣುಗುಗಳು, ನಮ್ಮನ್ನು ಕಚ್ಚಿ ರೋಗ ದಾಟಿಸುವವು. ಚಿಮಟದಿಂದ ಒಂದೊಂದನ್ನೇ ಎತ್ತಿ ಸೀಸೆಗೆ ಹಾಕಿ, ಜಾಗ, ಹೊತ್ತು, ಮರಗಳ ನೆರಳು ಎಲ್ಲ ಬರೆದುಕೊಳ್ಳಬೇಕು. ಮರುದಿನ ಪಕ್ಕದ ಸೊಪ್ಪಿನ ಬೆಟ್ಟದಲ್ಲಿ ಮತ್ತೆ ಅದೇ. ಕೊಟ್ಟಿಗೆಗೆ ಹಾಸಲು ದರಕು ತರುವ ಹೆಂಗಸರು ಯಾವ ತಿಂಗಳು ಯಾವ ಕಾಡಿಗೆ ಹೋಗುತ್ತಾರೆ ಎಂಬುದೂ ಇಲ್ಲಿ ದತ್ತಾಂಶವೇ. ಅದನ್ನು ಕೇಳಿ ತಿಳಿಯುವುದರಲ್ಲಿ ಸಾಗರದ ಹುಡುಗಿಗೆ ಹೊರಗಿನವರಿಗಿಂತ ಅನುಕೂಲ ಹೆಚ್ಚು.

ಇನ್ನು ಎಲ್ಲಿ ಎಂಬ ಮಾತು. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್, ಎಟ್ರೀ ಇವೆ. ಎನ್‌ಸಿಬಿಎಸ್‌ನಲ್ಲಿ ಬಾವಲಿ, ಇಲಿಗಳಲ್ಲಿರುವ ಸೂಕ್ಷ್ಮಜೀವಿಗಳ ಮೇಲೆ ಕೆಲಸ ನಡೆದಿದೆ. ಅಲ್ಲಿಗೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್ಆರ್) ನಡೆಸುವ ಪ್ರವೇಶ ಪರೀಕ್ಷೆಯ ದಾರಿಯೂ ಇದೆ. ವೈರಸ್ಸಿನ ಹತ್ತಿರವೇ ಹೋಗಬೇಕೆಂದರೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಕೀಟಗಳ ಕಡೆ ಒಲವಿದ್ದರೆ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್. ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಕಿರಿಯ ಸಂಶೋಧಕರ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. 2023ರ ಜನವರಿಯಿಂದ ಈ ದರ. ಸ್ವಂತ ಫೆಲೋಶಿಪ್ ಇದ್ದವರಿಗೆ ಮಾರ್ಗದರ್ಶಕರ ಬಾಗಿಲು ಬೇಗ ತೆರೆಯುತ್ತದೆ, ಇದು ಮುಚ್ಚಿಡುವ ಮಾತಲ್ಲ.

ಹೊರದೇಶವಾದರೆ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಸಾಂಕ್ರಾಮಿಕ ರೋಗಗಳ ಪರಿಸರ ವಿಜ್ಞಾನಕ್ಕೆಂದೇ ಕೇಂದ್ರವಿದೆ. ಈ ಕ್ಷೇತ್ರದ ಹೆಸರಾಂತ ಉದಾಹರಣೆಯೂ ಆ ದೇಶದ್ದೇ: ನ್ಯೂಯಾರ್ಕ್ ರಾಜ್ಯದ ಕಾಡಿನಲ್ಲಿ ಓಕ್ ಮರ ಹೇರಳ ಕಾಯಿ ಉದುರಿಸಿದರೆ ಮರುವರ್ಷ ಇಲಿಗಳು ಹೆಚ್ಚುತ್ತವೆ, ಅದರಾಚೆಯ ವರ್ಷ ಲೈಮ್ ರೋಗ ಹೊತ್ತ ಮರಿ ಉಣುಗುಗಳು. ಅಲ್ಲಿ ಬೋಧನೆ ಅಥವಾ ಸಂಶೋಧನೆಯಲ್ಲಿ ನೆರವಾಗುವ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ ಸಂಬಳವೂ ಬರುತ್ತದೆ. ಆದರೆ 2025ರಿಂದ ಅಲ್ಲಿನ ಸರ್ಕಾರಿ ಅನುದಾನ ಅಲುಗಾಡುತ್ತಿದೆ, ಅದೊಂದನ್ನೇ ನಂಬಿ ಕೂರಬೇಡಿ.

ಸಂಸ್ಥೆಯ ಹೆಸರಿಗೆ ಮರುಳಾಗಬೇಡಿ. ಪ್ರಾಧ್ಯಾಪಕರ ಎರಡು ಪ್ರಬಂಧಗಳನ್ನಾದರೂ ಓದಿ, ನಿಮ್ಮ ಪ್ರಶ್ನೆ ಏನೆಂದು ಹತ್ತು ಸಾಲಿನಲ್ಲಿ ಬರೆದು ಕಳಿಸಿ. ‘ಗೌರವಾನ್ವಿತ ಮಹೋದಯರೇ’ ಎಂದು ನೂರು ಜನಕ್ಕೆ ಒಂದೇ ಪತ್ರ ಕಳಿಸಿದರೆ ಉತ್ತರ ಬರುವುದಿಲ್ಲ. ನಮ್ಮ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಎಡವುವುದು ಸಂಖ್ಯಾಶಾಸ್ತ್ರದಲ್ಲಿ. ಅಂಕಿಅಂಶ ವಿಶ್ಲೇಷಣೆಗೆ ಬಳಸುವ ‘ಆರ್’ ತಂತ್ರಾಂಶ ಉಚಿತ. ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಅದನ್ನು ಕಲಿಯಲು ಕುಳಿತುಬಿಡಿ.

ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಹಳೆಯ ಲಸಿಕೆ ಕೊಡುವುದು ನಿಂತಿರುವುದರಿಂದ ಕಾಡಿಗೆ ಹೋಗುವವರಿಗೆ ಮೈತುಂಬ ಬಟ್ಟೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ತೈಲ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಇಷ್ಟೇ ರಕ್ಷಣೆ. ಎರಡನೆಯದು ಅರಣ್ಯ ಇಲಾಖೆಯ ಅನುಮತಿ, ಇಲಿ ಹಿಡಿಯುವುದಿದ್ದರೆ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ. ಮರಿ ಉಣುಗಿನ ಕಾಲ ಸುಮಾರಾಗಿ ನವೆಂಬರಿನಿಂದ ಮೇವರೆಗೆ. ಕಾಗದ ಮಳೆಗಾಲದಲ್ಲೇ ಓಡಾಡಬೇಕು. ಅನುಮತಿ ಮಾರ್ಚಿನಲ್ಲಿ ಕೈಸೇರಿದರೆ ಆ ವರ್ಷದ ಉಣುಗು ನಿಮಗೆ ಸಿಕ್ಕಂತೆಯೇ ಅಲ್ಲ.