ಲ್ಯಾಪ್‌ಟಾಪಿನಲ್ಲಿ ಶಾಖದ ದಾರಿ: ಬಿಚ್ಚುವ ಮೊದಲು ಮತ್ತು ಬಿಚ್ಚಿದ ಮೇಲೆ

ಹಾಸನದಲ್ಲಿ ನನ್ನ ಜೊತೆ ಹಾರ್ಡ್‌ವೇರ್ ಕೆಲಸ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಬಿಸಿಯಾಗುತ್ತದೆ ಎಂದು ಯಾರಾದರೂ ತಂದುಕೊಟ್ಟ ಕೂಡಲೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಈ ಆತುರದಿಂದ ಅರ್ಧ ಕೆಲಸ ಕೆಡುತ್ತದೆ ಎಂಬುದು ನಾನು ಕಂಡುಕೊಂಡ ಸಂಗತಿ. ಪ್ರೊಸೆಸರಿನಲ್ಲಿ ಹುಟ್ಟಿದ ಶಾಖ ಹೊರಗಿನ ಗಾಳಿಯನ್ನು ಸೇರುವವರೆಗೆ ಅದಕ್ಕೊಂದು ದಾರಿಯಿದೆ. ಆ ದಾರಿ ಎಲ್ಲಿ ಕಟ್ಟಿಕೊಂಡಿದೆ ಎಂಬುದನ್ನು ಯಂತ್ರ ಚಾಲೂ ಇರುವಾಗಲೇ ಬಹುಮಟ್ಟಿಗೆ ಪತ್ತೆ ಹಚ್ಚಬಹುದು. ಅದನ್ನು ತಿಳಿಯದೆ ಬಿಚ್ಚಿದರೆ ಧೂಳು ಹೊಡೆದದ್ದಷ್ಟೇ ಲೆಕ್ಕಕ್ಕೆ ಸಿಗುತ್ತದೆ, ಬಿಸಿ ಇದ್ದ ಹಾಗೆಯೇ ಇರುತ್ತದೆ.

ಕಳೆದ ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ, ಮೂಡಿಗೆರೆ ಕಡೆಯ ತೋಟವೊಂದರ ರೈಟರ್ ತಮ್ಮ ಲ್ಯಾಪ್‌ಟಾಪನ್ನು ನಾನು ಕೆಲಸ ಕಲಿಯುವ ಅಂಗಡಿಗೆ ತಂದಿದ್ದರು. "ಹತ್ತು ನಿಮಿಷ ಆದ್ರೆ ಕಾವಲಿ ಥರ ಕಾಯುತ್ತೆ ಸರ್, ಆಮೇಲೆ ತಾನೇ ಆಫ್ ಆಗುತ್ತೆ" ಎಂದರು. ಆಳುಗಳ ಹಾಜರಿ ಮತ್ತು ಮೂಟೆಗಳ ಲೆಕ್ಕವನ್ನು ಅವರು ಕಣದ ಪಕ್ಕದ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದರಂತೆ. ಈ ಟಿಪ್ಪಣಿಯ ಉದಾಹರಣೆಗಳಲ್ಲಿ ಹೆಚ್ಚಿನವು ಆ ಒಂದು ಯಂತ್ರದಿಂದಲೇ ಬಂದವು.

ದಾರಿಯ ಸ್ವರೂಪ

ಸಾಮಾನ್ಯ ತೆಳು ಲ್ಯಾಪ್‌ಟಾಪಿನ ಪ್ರೊಸೆಸರ್ ಸುಮಾರು 15 ವ್ಯಾಟ್‌ನಷ್ಟು, ಆಟಕ್ಕೋ ವಿಡಿಯೊ ಕೆಲಸಕ್ಕೋ ಮಾಡಿದ ಯಂತ್ರದ ಪ್ರೊಸೆಸರ್ 45 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ವಿದ್ಯುತ್ತನ್ನು ಬಳಸುತ್ತದೆ, ಮತ್ತು ಬಳಸಿದ್ದೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬೀಳುತ್ತದೆ. ಈ ಶಾಖವು ಉಗುರಿನಷ್ಟು ಅಗಲದ ಸಿಲಿಕಾನ್ ತುಂಡಿನಿಂದ ಅದರ ಮೇಲೆ ಸವರಿರುವ, ಶಾಖ ದಾಟಿಸುವ ಥರ್ಮಲ್ ಪೇಸ್ಟಿಗೆ, ಅಲ್ಲಿಂದ ತಾಮ್ರದ ತಗಡಿಗೆ, ತಗಡಿನಿಂದ ಹೀಟ್ ಪೈಪಿಗೆ, ಪೈಪಿನ ತುದಿಯಲ್ಲಿರುವ ತೆಳು ರೆಕ್ಕೆಗಳಿಗೆ, ಕೊನೆಗೆ ಫ್ಯಾನ್ ತಳ್ಳುವ ಗಾಳಿಗೆ ಹೋಗಬೇಕು. ಐದರಲ್ಲಿ ಒಂದು ಕೈಕೊಟ್ಟರೂ ಉಳಿದ ನಾಲ್ಕು ಇದ್ದು ಪ್ರಯೋಜನವಿಲ್ಲ.

ಇವುಗಳಲ್ಲಿ ಹೀಟ್ ಪೈಪ್ ನನಗೆ ಅತ್ಯಂತ ಇಷ್ಟವಾದ ಭಾಗ. ನೋಡಲು ಅದು ಚಪ್ಪಟೆ ಮಾಡಿದ ತಾಮ್ರದ ಕಡ್ಡಿಯಂತಿದ್ದರೂ ಒಳಗೆ ಟೊಳ್ಳು. ಗಾಳಿಯನ್ನು ಹೊರತೆಗೆದು, ಅತಿ ಸ್ವಲ್ಪ ನೀರನ್ನಿಟ್ಟು, ಎರಡೂ ತುದಿಗಳನ್ನು ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಾದಷ್ಟೂ ನೀರು ಕಡಿಮೆ ಉಷ್ಣತೆಯಲ್ಲಿ ಕುದಿಯುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಸಮುದ್ರಮಟ್ಟದಿಂದ ಒಂದು ಸಾವಿರ ಮೀಟರಿಗೂ ತುಸು ಮೇಲಿರುವ ಚಿಕ್ಕಮಗಳೂರಿನಲ್ಲಿ ಕಾಫಿಗಿಟ್ಟ ನೀರು 100 ಡಿಗ್ರಿ ಮುಟ್ಟುವುದೇ ಇಲ್ಲ, 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಪೈಪಿನೊಳಗೆ ಒತ್ತಡ ಇನ್ನೂ ಬಹಳ ಕಡಿಮೆಯಿರುವುದರಿಂದ ಪ್ರೊಸೆಸರಿನ ಸಾಧಾರಣ ಬಿಸಿಗೇ ನೀರು ಆವಿಯಾಗಿ, ಗುಪ್ತೋಷ್ಣವನ್ನು (ಆವಿಯಾಗಲು ಹೀರಿಕೊಂಡ ಶಾಖವನ್ನು) ಹೊತ್ತುಕೊಂಡು ತಂಪಾದ ತುದಿಗೆ ಓಡಿ, ಅಲ್ಲಿ ಮತ್ತೆ ನೀರಾಗಿ ಶಾಖವನ್ನು ರೆಕ್ಕೆಗಳಿಗೆ ಒಪ್ಪಿಸುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ರೀತಿಯಲ್ಲಿ ಪೈಪಿನ ಒಳಗೋಡೆಗೆ ಅಂಟಿಸಿದ ತಾಮ್ರದ ಪುಡಿಯ ಪದರ ಆ ನೀರನ್ನು ಬಿಸಿ ತುದಿಗೆ ಮರಳಿ ತರುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಇದನ್ನು ರೂಪಿಸಿದಾಗ ಅವರ ಗಮನವಿದ್ದದ್ದು ಬಾಹ್ಯಾಕಾಶದಲ್ಲಿ ಬಳಸುವ ವಿದ್ಯುತ್ ಮೂಲಗಳ ಕಡೆಗೆ. ನಮಗೆ ಇದರಿಂದ ಬರುವ ಪಾಠ ಒಂದೇ: ಪೈಪನ್ನು ಬಗ್ಗಿಸಬಾರದು, ಒತ್ತಬಾರದು. ಒಳಗಿನ ಪದರ ಮುರಿದರೆ ಹೊರಗೆ ಏನೂ ಕಾಣುವುದಿಲ್ಲ, ಆದರೆ ಪೈಪ್ ಸತ್ತಂತೆಯೇ.

ಬಿಚ್ಚುವ ಮೊದಲು

ವಿಂಡೋಸ್ ಆದರೆ ಎಚ್‌ಡಬ್ಲ್ಯೂಇನ್ಫೊ, ಲಿನಕ್ಸ್ ಆದರೆ ಎಲ್‌ಎಂ-ಸೆನ್ಸರ್ಸ್ ಎಂಬ, ಉಷ್ಣತೆ ತೋರಿಸುವ ತಂತ್ರಾಂಶ ಹಾಕಿಕೊಂಡು, ಏನೂ ಕೆಲಸವಿಲ್ಲದಾಗ ಇರುವ ಉಷ್ಣತೆಯನ್ನು ಮೊದಲು ಬರೆದುಕೊಳ್ಳಿ. ಟಾಸ್ಕ್ ಮ್ಯಾನೇಜರ್ ತೆರೆದು, ಹಿನ್ನೆಲೆಯಲ್ಲಿ ಯಾವುದಾದರೂ ತಂತ್ರಾಂಶ ಪ್ರೊಸೆಸರನ್ನು ಪೂರ್ತಿ ದುಡಿಸುತ್ತಿದೆಯೇ ಎಂದೂ ನೋಡಿ. ಹಾಗಿದ್ದರೆ ತಪ್ಪು ಫ್ಯಾನಿನದ್ದಲ್ಲ. ನಂತರ ಪ್ರೊಸೆಸರಿಗೆ ಪೂರ್ತಿ ಹೊರೆ ಕೊಟ್ಟು, ಉಷ್ಣತೆ ಎಷ್ಟಕ್ಕೆ ಏರುತ್ತದೆ ಎಂಬುದಕ್ಕಿಂತ ಎಷ್ಟು ಹೊತ್ತಿನಲ್ಲಿ ಏರುತ್ತದೆ ಎಂಬುದನ್ನು ಗಮನಿಸಿ. ನನ್ನ ಮಟ್ಟಿಗೆ ಈ ಟಿಪ್ಪಣಿಯ ತಿರುಳು ಇದೇ.

ಆರೋಗ್ಯವಾಗಿರುವ ಯಂತ್ರದಲ್ಲಿ ಹೊರೆ ಬಿದ್ದ ಕೂಡಲೇ ಉಷ್ಣತೆ ಒಮ್ಮೆ ಜಿಗಿದು, ಆಮೇಲೆ ಕೆಲವು ನಿಮಿಷ ನಿಧಾನವಾಗಿ ಏರಿ, ಒಂದು ಕಡೆ ನಿಲ್ಲುತ್ತದೆ. ಪೇಸ್ಟ್ ಒಣಗಿದ್ದರೆ ಅಥವಾ ತಾಮ್ರದ ತಗಡು ಸರಿಯಾಗಿ ಕೂತಿರದಿದ್ದರೆ ಶಾಖ ಸಿಲಿಕಾನಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ; ಆಗ ಐದಾರು ಸೆಕೆಂಡಿನೊಳಗೆ ಉಷ್ಣತೆ ಮಿತಿಯನ್ನು ಮುಟ್ಟುತ್ತದೆ, ಹೊರೆ ತೆಗೆದೊಡನೆ ಅಷ್ಟೇ ವೇಗದಲ್ಲಿ ಇಳಿಯುತ್ತದೆ, ಇಷ್ಟೆಲ್ಲ ಆದರೂ ಹೊರಬರುವ ಗಾಳಿ ಉಗುರುಬೆಚ್ಚಗಷ್ಟೇ ಇರುತ್ತದೆ. ಗಾಳಿಯ ದಾರಿ ಕಟ್ಟಿದ್ದರೆ ಚಿತ್ರ ಬೇರೆ: ಏರಿಕೆ ನಿಧಾನ, ಆದರೆ ನಿಲ್ಲುವುದಿಲ್ಲ, ಹೊರೆ ತೆಗೆದರೂ ಬೇಗ ಇಳಿಯುವುದಿಲ್ಲ, ಫ್ಯಾನ್ ಜೋರಾಗಿ ಸದ್ದು ಮಾಡುತ್ತಿದ್ದರೂ ಕಿಂಡಿಯ ಎದುರು ಕೈಯಿಟ್ಟರೆ ಗಾಳಿ ಬಡಿಯುವುದಿಲ್ಲ. ರೈಟರ್ ಅವರ ಯಂತ್ರ ಈ ಎರಡನೆಯ ಜಾತಿಗೆ ಸೇರಿತ್ತು. ಎಂಟು ನಿಮಿಷದಲ್ಲಿ ಮೆಲ್ಲಗೆ 98 ಡಿಗ್ರಿಗೆ ಹೋಗಿ, ಹೊರೆ ನಿಲ್ಲಿಸಿದ ಮೇಲೂ ಬಹಳ ಹೊತ್ತು 80ರ ಮೇಲೆಯೇ ಇತ್ತು.

ಇಂಟೆಲ್ ಪ್ರೊಸೆಸರುಗಳಲ್ಲಿ ಮಿತಿ ಹೆಚ್ಚಾಗಿ 100 ಡಿಗ್ರಿ. ಅದನ್ನು ಮುಟ್ಟಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಅದರಿಂದಲೂ ಸಾಲದೆ ಇನ್ನೂ ಏರಿದರೆ ಯಂತ್ರ ಆಫ್ ಆಗುತ್ತದೆ. "ಲ್ಯಾಪ್‌ಟಾಪ್ ಸ್ಲೋ ಆಗಿದೆ, ರ್‍ಯಾಮ್ ಹಾಕಿಸಬೇಕಾ?" ಎಂದು ಕೇಳಿಕೊಂಡು ಬರುವವರಲ್ಲಿ ಕೆಲವರಿಗಾದರೂ ಬೇಕಾಗಿರುವುದು ರ್‍ಯಾಮ್ ಅಲ್ಲ, ಬ್ರಷ್.

ಬಿಚ್ಚುವಾಗ

ಯಂತ್ರವನ್ನು ಸ್ಲೀಪ್ ಮಾಡದೆ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಕೆಳಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರನ್ನು ಬಿಡಿಸಬೇಕು. ಆಮೇಲೆ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಶುಚಿಗೊಳಿಸುವ ಮಾತೇ ಬೇಡ, ಮೊದಲು ಬ್ಯಾಟರಿ ಬದಲಾಗಬೇಕು. ಸ್ಕ್ರೂಗಳನ್ನು ತಟ್ಟೆಯಲ್ಲಿ ರಾಶಿ ಹಾಕಬೇಡಿ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚೌಕ ಬರೆದು, ಯಾವ ಮೂಲೆಯ ಸ್ಕ್ರೂವೋ ಆ ಮೂಲೆಯಲ್ಲೇ ಟೇಪಿನಿಂದ ಅಂಟಿಸಿಡಿ. ಎರಡು ಮಿಲಿಮೀಟರ್ ಉದ್ದದ ವ್ಯತ್ಯಾಸ ಕಣ್ಣಿಗೆ ಕಾಣದಿದ್ದರೂ, ಗಿಡ್ಡ ಸ್ಕ್ರೂ ಇರಬೇಕಾದಲ್ಲಿ ಉದ್ದದ್ದು ಹೋದರೆ ಕೀಬೋರ್ಡಿನ ಪಕ್ಕ ಮೊಡವೆಯಂತೆ ಉಬ್ಬುತ್ತದೆ.

ರೈಟರ್ ಅವರ ಲ್ಯಾಪ್‌ಟಾಪಿನ ಮುಚ್ಚಳ ತೆಗೆದಾಗ ಫ್ಯಾನ್ ಮೇಲ್ನೋಟಕ್ಕೆ ಅಷ್ಟೇನೂ ಕೊಳೆಯಾಗಿರಲಿಲ್ಲ. ಹೊಸಬರು ಮೋಸ ಹೋಗುವುದು ಇಲ್ಲಿಯೇ. ಲ್ಯಾಪ್‌ಟಾಪಿನ ಫ್ಯಾನ್ ಕೆಳಗಿನಿಂದ ಗಾಳಿ ಎಳೆದು, ಪಕ್ಕದಲ್ಲಿರುವ ರೆಕ್ಕೆಗಳ ನಡುವಿನ ಮಿಲಿಮೀಟರ್‌ನಷ್ಟು ಸಂದುಗಳ ಮೂಲಕ ಹೊರದೂಡುತ್ತದೆ. ಸಣ್ಣ ಪುಡಿ ಆ ಸಂದಿನಲ್ಲಿ ತೂರಿ ಹೋಗುತ್ತದೆ. ಕೂದಲು, ಬಟ್ಟೆಯ ನಾರು, ತೆಳು ಸಿಪ್ಪೆ ಹೋಗುವುದಿಲ್ಲ, ಅವು ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಅಡ್ಡಬಿದ್ದು, ಅವುಗಳ ಮೇಲೆ ಪುಡಿ ಕೂತು, ಕೊನೆಗೆ ಕಂಬಳಿಯ ತುಂಡಿನಂಥ ಪದರವಾಗುತ್ತದೆ. ಫ್ಯಾನಿನ ಮುಚ್ಚಳದ ಮೂರು ಸ್ಕ್ರೂ ಬಿಚ್ಚಿ ಎತ್ತಿದಾಗ ಆ ಪದರ ಇಡಿಯಾಗಿ ಸಿಕ್ಕಿತು. ಚಿಮಟದಲ್ಲಿ ಹಿಡಿದೆತ್ತಿದರೆ ಬೂದು ಬಣ್ಣದ ಪಟ್ಟಿ. ಅದರೊಳಗೆ ಅಲ್ಲಲ್ಲಿ ಹೊಂಬಣ್ಣದ ಹೊಳಪು. ಪಾರ್ಚ್‌ಮೆಂಟ್ ಕಾಫಿಯ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜದ) ಹೊಟ್ಟು ಎಂದು ಗುರುತು ಹಿಡಿಯಲು ನಮ್ಮ ಊರಿನವರಿಗೆ ಕಷ್ಟವಿಲ್ಲ. ಹೊರಗಿನ ಕಿಂಡಿಯಿಂದ ಗಾಳಿ ಊದಿದ್ದರೆ ಈ ಪದರ ಹೊರಬರುತ್ತಿರಲಿಲ್ಲ, ಹಿಂದಕ್ಕೆ ಹೋಗಿ ಫ್ಯಾನಿನ ಎಲೆಗಳಿಗೆ ಸುತ್ತಿಕೊಳ್ಳುತ್ತಿತ್ತು. ಮುಚ್ಚಳ ಬಿಚ್ಚದೆ ಮಾಡುವ "ಸರ್ವಿಸ್" ಬಗ್ಗೆ ನನಗೆ ನಂಬಿಕೆಯಿಲ್ಲದಿರುವುದಕ್ಕೆ ಇದೇ ಕಾರಣ.

ಬ್ಲೋವರ್ ಬಳಸುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದಲೋ ಮರದ ಕಡ್ಡಿಯಿಂದಲೋ ತಡೆದು ಹಿಡಿಯಲೇಬೇಕು. ನಾನು ಕಲಿಕೆಯ ಮೊದಲ ತಿಂಗಳಲ್ಲಿ ನನ್ನದೇ ಹಳೆಯ ಲ್ಯಾಪ್‌ಟಾಪಿನ ಮೇಲೆ ಬ್ಲೋವರ್ ಬಿಟ್ಟು, ಫ್ಯಾನ್ ಶಿಳ್ಳೆ ಹೊಡೆಯುತ್ತ ತಿರುಗುವುದನ್ನು ಕಂಡು ಖುಷಿಪಟ್ಟಿದ್ದೆ. ಮಾರನೆಯ ದಿನದಿಂದ ಅದು ಗರಗರ ಎನ್ನತೊಡಗಿತು. ತನ್ನ ಮಿತಿಗಿಂತ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಜೊತೆಗೆ, ಹೊರಗಿನ ಬಲದಿಂದ ತಿರುಗುವ ಮೋಟರ್ ಡೈನಮೊದಂತೆ ವಿದ್ಯುತ್ ಹುಟ್ಟಿಸಿ ಮದರ್‌ಬೋರ್ಡಿನ ಕಡೆಗೆ ಕಳಿಸಬಲ್ಲದು. ಆದ್ದರಿಂದ ಫ್ಯಾನಿನ ಕನೆಕ್ಟರನ್ನೂ ಬಿಡಿಸಿಟ್ಟು ಊದುವುದು ಒಳ್ಳೆಯದು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಿರವಿದ್ಯುತ್ ಕೂಡಿಕೊಳ್ಳುತ್ತದೆ. ಡಬ್ಬಿಯ ಗಾಳಿಯನ್ನು ತಲೆಕೆಳಗು ಹಿಡಿದು ಬಳಸಿದರೆ ಗಾಳಿಯ ಬದಲು ಕೊರೆಯುವ ದ್ರವ ಚಿಮ್ಮುತ್ತದೆ, ಅದೂ ಬೇಡ.

ಪೇಸ್ಟಿನ ವಿಷಯ

ಉಷ್ಣತೆಯ ಏರಿಕೆ ಪೇಸ್ಟಿನ ಕಡೆಗೆ ಬೊಟ್ಟು ಮಾಡದಿದ್ದರೆ ಹೀಟ್ ಸಿಂಕನ್ನು (ತಾಮ್ರದ ತಗಡು, ಪೈಪ್, ರೆಕ್ಕೆಗಳ ಜೋಡಣೆಯನ್ನು) ಎತ್ತುವ ಅಗತ್ಯವಿಲ್ಲ. ಫ್ಯಾನ್ ಮತ್ತು ರೆಕ್ಕೆಗಳನ್ನು ಶುಚಿ ಮಾಡಿ ನಿಲ್ಲಿಸಬಹುದು. ಎತ್ತಲೇಬೇಕಾದರೆ ಅದರ ಸ್ಕ್ರೂಗಳ ಪಕ್ಕ ಮುದ್ರಿಸಿರುವ 1, 2, 3, 4 ಎಂಬ ಅಂಕಿಗಳ ಹಿಮ್ಮುಖ ಕ್ರಮದಲ್ಲಿ, ಅಂದರೆ ನಾಲ್ಕರಿಂದ ಒಂದಕ್ಕೆ ಸಡಿಲಿಸುತ್ತ ಬನ್ನಿ, ಒಂದೊಂದನ್ನೂ ಒಮ್ಮೆಗೇ ಪೂರ್ತಿ ಬಿಚ್ಚದೆ ಸ್ವಲ್ಪ ಸ್ವಲ್ಪವಾಗಿ. ಲ್ಯಾಪ್‌ಟಾಪಿನ ಪ್ರೊಸೆಸರಿಗೆ ಡೆಸ್ಕ್‌ಟಾಪಿನಲ್ಲಿರುವಂತೆ ಲೋಹದ ಟೋಪಿಯಿಲ್ಲ, ಸಿಲಿಕಾನ್ ಬರಿಮೈಯಲ್ಲೇ ಇರುತ್ತದೆ. ಒಂದು ಕಡೆ ಒತ್ತಡ ಬಿದ್ದರೆ ಮೂಲೆ ಮುಕ್ಕಾಗುತ್ತದೆ, ಅಲ್ಲಿಗೆ ಬೋರ್ಡಿನ ಕಥೆ ಮುಗಿಯಿತು.

ಹಳೆಯ ಪೇಸ್ಟ್ ಒಣಗಿ ವಿಭೂತಿಯಂತೆ ಬಿರುಕು ಬಿಟ್ಟಿರುತ್ತದೆ. ಅದನ್ನು 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರಿನಲ್ಲಿ ನೀರು ಮತ್ತು ಗ್ಲಿಸರಿನ್ ಇರುವುದರಿಂದ ಅದು ಸಲ್ಲದು. ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಹೊರದೇಶದ ವಿಡಿಯೊಗಳಲ್ಲಿ ಕಾಫಿ ಸೋಸುವ ಕಾಗದದಿಂದ ಒರೆಸಿ ಎಂದು ಹೇಳುತ್ತಾರೆ. ಕಾಫಿ ಬೆಳೆಯುವ ಜಿಲ್ಲೆಯಲ್ಲಿದ್ದರೂ ನಮ್ಮ ಮನೆಗಳಲ್ಲಿ ಇರುವುದು ಸ್ಟೀಲಿನ ಫಿಲ್ಟರ್, ಆ ಕಾಗದವನ್ನು ನಾನು ಕಂಡಿಲ್ಲ. ಕನ್ನಡಕ ಒರೆಸುವ ನಾರು ಬಿಡದ ಬಟ್ಟೆ ಸಾಕು.

ಹೊಸ ಪೇಸ್ಟ್ ಹೆಚ್ಚಾದಷ್ಟೂ ತಂಪು ಎಂಬ ಭಾವನೆ ತಪ್ಪು. ಉಷ್ಣವಾಹಕತೆಯ ಅಳತೆಯಲ್ಲಿ ತಾಮ್ರಕ್ಕೆ ಸುಮಾರು 400 ಅಂಕ ಕೊಟ್ಟರೆ ಒಳ್ಳೆಯ ಪೇಸ್ಟಿಗೆ ಹತ್ತರ ಆಸುಪಾಸು, ಗಾಳಿಗೆ ಕೇವಲ 0.026. ಪೇಸ್ಟ್ ಇರುವುದು ಎರಡು ಮೈಗಳ ನಡುವಿನ ಸೂಕ್ಷ್ಮ ತಗ್ಗುಗಳಲ್ಲಿ ಕುಳಿತ ಗಾಳಿಯನ್ನು ಹೊರಹಾಕುವುದಕ್ಕೆ ಮಾತ್ರ. ದಪ್ಪವಾದರೆ ಅದೇ ತಡೆಗೋಡೆ. ಸಿಲಿಕಾನಿನ ಮೈ ಪೂರ್ತಿ ಮುಚ್ಚುವಂತೆ ತೆಳ್ಳಗೆ ಸವರಿ, ಅಂಕಿಗಳ ಕ್ರಮದಲ್ಲೇ ಸ್ಕ್ರೂ ಬಿಗಿಯಿರಿ. ಪಕ್ಕದ ಚಿಪ್‌ಗಳ ಮೇಲಿರುವ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳನ್ನು ತೆಗೆದು ಅಲ್ಲಿ ಪೇಸ್ಟ್ ಹಚ್ಚಬೇಡಿ. ಪ್ಯಾಡಿನ ದಪ್ಪದಷ್ಟು ಸಂದನ್ನು ಪೇಸ್ಟ್ ತುಂಬಲಾರದು. ಹರಿದಿದ್ದರೆ ಅದೇ ದಪ್ಪದ್ದನ್ನೇ ತಂದು ಹಾಕಬೇಕು. ಬೆಳ್ಳಿಯಂತೆ ಹೊಳೆಯುವ ದ್ರವ ಕಂಡರೆ ಅದು ಗ್ಯಾಲಿಯಂ ಬೆರೆತ ದ್ರವಲೋಹ. ಅದು ವಿದ್ಯುತ್ತನ್ನು ಹರಿಸುತ್ತದೆ, ಅಲ್ಯೂಮಿನಿಯಮನ್ನು ತಿನ್ನುತ್ತದೆ. ಕಲಿಯುವವರು ಅಂಥದನ್ನು ಮುಚ್ಚಿ, ಬಲ್ಲವರಿಗೆ ಒಪ್ಪಿಸುವುದು ಲೇಸು.

ಮುಚ್ಚಿದ ಮೇಲೆ

ಮೊದಲು ಮಾಡಿದ ಪರೀಕ್ಷೆಯನ್ನೇ, ಅದೇ ಹೊರೆಯಲ್ಲಿ, ಅಷ್ಟೇ ಹೊತ್ತು ಮತ್ತೆ ಮಾಡಬೇಕು. ರೈಟರ್ ಅವರ ಯಂತ್ರ ಎಂಟನೆಯ ನಿಮಿಷದಲ್ಲಿ 79 ಡಿಗ್ರಿಗೆ ಬಂದು ನಿಂತಿತು. ಪೇಸ್ಟ್ ಮುಟ್ಟಿರಲಿಲ್ಲ. ಬೆಳಗ್ಗೆ ಅಂಗಡಿ ತಣ್ಣಗಿದ್ದಾಗ ಮೊದಲ ಅಳತೆ, ಮಧ್ಯಾಹ್ನದ ಸೆಕೆಯಲ್ಲಿ ಎರಡನೆಯದು ತೆಗೆದರೆ ಹೋಲಿಕೆ ಕೆಡುತ್ತದೆ, ಏಕೆಂದರೆ ಕೋಣೆಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಪ್ರೊಸೆಸರಿನದ್ದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನಮ್ಮ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ನೂರಕ್ಕೆ ಒಂಬತ್ತು ಪಾಲಿನಷ್ಟು ತೆಳುವಾಗಿರುವುದರಿಂದ ಫ್ಯಾನ್ ಒಂದು ಸುತ್ತಿಗೆ ಹೊರುವ ಶಾಖವೂ ತುಸು ಕಡಿಮೆ, ಆದರೆ ಮಲೆನಾಡಿನ ತಂಪು ಅದನ್ನು ಸರಿದೂಗಿಸುತ್ತದೆ. ಕಡೂರು, ಅರಸೀಕೆರೆ ಕಡೆಯ ಬಯಲಿನ ಬೇಸಿಗೆಯಲ್ಲಿ ಆ ಅನುಕೂಲವಿಲ್ಲ.

ಕೊಯ್ಲಿನ ಕಾಲದಲ್ಲಿ ಕಣದ ಬಳಿ ಬಳಸುವ ಯಂತ್ರವನ್ನು ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಒಮ್ಮೆ ಬಿಚ್ಚಿಸುವುದು ಸರಿಯಾದ ಸಮಯ. ಜೂನ್ ಬಂತೆಂದರೆ ಆ ಧೂಳಿನ ಪದರ ತೇವ ಹೀರಿ ಗಟ್ಟಿಯಾಗುತ್ತದೆ, ಆಮೇಲೆ ಬ್ರಷ್ಷಿಗೆ ಬಗ್ಗುವುದಿಲ್ಲ. ಕೆಲಸ ಮುಗಿದ ದಿನಾಂಕ, ಮೊದಲಿನ ಮತ್ತು ನಂತರದ ಉಷ್ಣತೆ, ಪೇಸ್ಟ್ ಬದಲಿಸಿದ್ದೇವೆಯೇ ಇಲ್ಲವೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಗಾಳಿಯ ಕಿಂಡಿಗೆ ಅಡ್ಡವಾಗದಂತೆ ಕೆಳಮುಚ್ಚಳದ ಹೊರಮೈಗೆ ಅಂಟಿಸಿ ಕೊಡಿ. ಮುಂದಿನ ಬಾರಿ ಆ ಯಂತ್ರವನ್ನು ಬಿಚ್ಚುವವರು ನೀವೇ ಆಗಿರಬೇಕೆಂದೇನೂ ಇಲ್ಲ.