ಡ್ರಾಯಿಂಗ್‌ನಲ್ಲಿ ಕಾರಣವನ್ನೂ ಬರೆಯಿರಿ

ಮೆಷಿನ್ ಡಿಸೈನ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಲೆಕ್ಕಾಚಾರ. ಶಾಫ್ಟ್ ಎಷ್ಟು ದಪ್ಪ ಬೇಕು, ಮೋಟಾರ್ ಎಷ್ಟು ಎಚ್‌ಪಿ ಇರಬೇಕು, ವೆಲ್ಡಿಂಗ್ ಭಾರ ತಡೆಯುತ್ತಾ ಇಲ್ವಾ. ಅದಕ್ಕೆಲ್ಲ ಸೂತ್ರ ಇದೆ, ಸಾಫ್ಟ್‌ವೇರ್ ಇದೆ. ಮಂಗಳೂರಿನ ಬೈಕಂಪಾಡಿ, ಉಡುಪಿಯ ಮಲ್ಪೆ ಕಡೆಯ ಸಣ್ಣ ಕಾರ್ಖಾನೆಗಳಿಗೆ ಮೆಷಿನ್ ಮಾಡಿಕೊಡುವ ನಮ್ಮಂಥವರಿಗೆ ತಲೆನೋವು ಶುರುವಾಗುವುದು ಅದಾದ ಮೇಲೆ. ಡ್ರಾಯಿಂಗ್‌ನಲ್ಲಿ ಬರೆದದ್ದು ಒಂದಾದರೆ ಮೆಷಿನ್‌ನಲ್ಲಿ ಕೂತದ್ದು ಇನ್ನೊಂದು. ಯಾಕೆ ಹಾಗಾಯಿತು ಅಂತ ಹುಡುಕುತ್ತಾ ಹೋದರೆ ಪ್ರತಿ ಸಲ ಒಂದೇ ಕಡೆಗೆ ಬಂದು ನಿಲ್ಲುತ್ತೇವೆ: ಏನು ಬೇಕು ಅಂತ ಬರೆದಿರುತ್ತದೆ, ಯಾಕೆ ಬೇಕು ಅಂತ ಬರೆದಿರುವುದಿಲ್ಲ.

ಒಂದು ಬೋಲ್ಟಿನ ವಿಷಯ ಹೇಳುತ್ತೇನೆ. ಮೀನು ಸಂಸ್ಕರಿಸುವ ಒಂದು ಘಟಕದ ಕನ್ವೇಯರ್‌ಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟ್ ಅಂತ ನಮೂದಿಸಿತ್ತು. ಖರೀದಿ ವಿಭಾಗದವರು 304 ತರಿಸಿದರು. ಎರಡೂ ಸ್ಟೇನ್‌ಲೆಸ್ ಅಲ್ವಾ, ಇದು ಅಗ್ಗ, ಕೂಡಲೇ ಸಿಗುತ್ತದೆ ಅಂತ. ಬೋಲ್ಟ್ ನೋಡಿದರೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ನೋಡುವ ರೂಢಿ ಇದೆ. ಅದರಿಂದ ಇಲ್ಲಿ ಪ್ರಯೋಜನ ಇಲ್ಲ, ಎರಡನ್ನೂ ಅಯಸ್ಕಾಂತ ಸರಿಯಾಗಿ ಹಿಡಿಯುವುದಿಲ್ಲ.

ವ್ಯತ್ಯಾಸ ಇರುವುದು ಒಳಗೆ. ಸ್ಟೇನ್‌ಲೆಸ್ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುವಾದ ಪದರ. ಗೀರು ಬಿದ್ದರೆ ಗಾಳಿಯ ಆಮ್ಲಜನಕ ತಾಗಿ ಆ ಪದರ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಅಲ್ಲಲ್ಲಿ ಒಡೆಯುತ್ತದೆ. 316ರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಅದು ಈ ದಾಳಿಯನ್ನು ಹೆಚ್ಚು ತಡೆಯುತ್ತದೆ. 304ರಲ್ಲಿ ಅದನ್ನು ಸೇರಿಸಿರುವುದಿಲ್ಲ. ಬೋಲ್ಟಿನ ತಲೆಯ ಅಡಿಯಲ್ಲಿ, ವಾಷರ್ ಸಂದಿಯಲ್ಲಿ ಉಪ್ಪುನೀರು ಹೋಗಿ ಕೂತರೆ ಗಾಳಿ ಆಡುವುದಿಲ್ಲ, ಒಡೆದ ಪದರ ಮತ್ತೆ ಕೂಡುವುದಿಲ್ಲ. ಮೇಲಿನಿಂದ ಬೋಲ್ಟ್ ಫಳಫಳ ಹೊಳೆಯುತ್ತಲೇ ಇರುತ್ತದೆ. ಬಿಚ್ಚಿದಾಗ ನೋಡಿದರೆ ಕುತ್ತಿಗೆಯ ಸುತ್ತ ಕಂದು ಕಲೆ, ಸೂಜಿ ಚುಚ್ಚಿದಂಥ ತೂತುಗಳು.

ಖರೀದಿ ಮಾಡಿದವರನ್ನು ದೂರುವುದು ಸುಲಭ. ಆದರೆ ಅವರ ಕೈಗೆ ಹೋದ ಪಟ್ಟಿಯಲ್ಲಿ ಇದ್ದದ್ದು ಒಂದು ಸಂಖ್ಯೆ ಮಾತ್ರ. ನಾಲ್ಕು ಕಾಸು ಉಳಿಸುವುದೇ ಅವರ ಕೆಲಸ, ಅದನ್ನು ಅವರು ಮಾಡಿದರು. ಈಗ ಅಂಥ ಕಡೆ ನಮ್ಮ ಡ್ರಾಯಿಂಗ್‌ನಲ್ಲಿ ಎರಡು ಸಾಲು ಜಾಸ್ತಿ ಇರುತ್ತದೆ: ‘ಉಪ್ಪುನೀರು ತಾಗುವ ಜಾಗ. 304 ಹಾಕಿದರೆ ತಲೆಯ ಅಡಿಯಲ್ಲಿ ತೂತು ಬೀಳುತ್ತದೆ.’ ಕನ್ನಡದಲ್ಲೇ ಬರೆಯುತ್ತೇವೆ. ಯಾಕೆಂದರೆ ಅದನ್ನು ಖರೀದಿಯವರು ಓದಬೇಕು, ಸ್ಟೋರ್‌ನವರು ಓದಬೇಕು, ಮುಂದೊಂದು ದಿನ ಬೋಲ್ಟ್ ಬದಲಿಸುವ ಫಿಟ್ಟರ್ ಕೂಡ ಓದಬೇಕು. ಕಾರಣ ಗೊತ್ತಾದ ಮೇಲೆ ಜನ ಸುಮ್ನೆ ಬದಲಾಯಿಸುವುದಿಲ್ಲ. ಫೋನ್ ಮಾಡಿ ಕೇಳುತ್ತಾರೆ.

ಅಳತೆಯ ವಿಷಯದಲ್ಲಿ ಮಾತ್ರ ಜವಾಬ್ದಾರಿ ಪೂರ್ತಿ ಡಿಸೈನ್ ಮಾಡುವವರದು. ಹಳೆಯ ಡ್ರಾಯಿಂಗನ್ನು ಕಾಪಿ ಮಾಡಿ ಹೊಸದು ಮಾಡುವಾಗ ಅದರ ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವ ಮಿತಿ, ಕೂಡ ಜೊತೆಗೆ ಬಂದುಬಿಡುತ್ತದೆ. 300 ಮಿ.ಮೀ. ಉದ್ದದ ಒಂದು ಮುಚ್ಚಳದ ತಗಡು, ಅದರ ಮೇಲೆ ±0.05 ಮಿ.ಮೀ. ಅಂತ ಇರುತ್ತದೆ. ಅಷ್ಟು ಉದ್ದಕ್ಕೆ ಸಾಮಾನ್ಯ ಟಾಲರೆನ್ಸ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 2768ರ ಮಧ್ಯಮ ದರ್ಜೆಯೇ ±0.5 ಮಿ.ಮೀ. ಬಿಟ್ಟುಕೊಡುತ್ತದೆ. ಅಂದರೆ ಬೇಕಾದ್ದಕ್ಕಿಂತ ಹತ್ತು ಪಟ್ಟು ಬಿಗಿ. ಅದೇ ಮೆಷಿನ್‌ನಲ್ಲಿ 6205 ಬೇರಿಂಗ್ ಕೂರುವ 25 ಮಿ.ಮೀ. ಶಾಫ್ಟ್ ಇರುತ್ತದೆ. ಅಲ್ಲಿ ಕೆ6 ಫಿಟ್ (ಬೇರಿಂಗ್ ಸ್ವಲ್ಪ ಬಿಗಿಯಾಗಿ ಕೂರುವ ದರ್ಜೆ) ಬೇಕಾದರೆ ವ್ಯಾಸ 25.002ರಿಂದ 25.015ರ ಒಳಗೇ ಇರಬೇಕು. ಅಲ್ಲಿ ಬಿಗಿ ನಿಜಕ್ಕೂ ಬೇಕು, ಇಲ್ಲದಿದ್ದರೆ ಬೇರಿಂಗಿನ ಒಳರಿಂಗ್ ಶಾಫ್ಟ್ ಮೇಲೆ ಜಾರಿ ತಿರುಗಿ ಶಾಫ್ಟನ್ನೇ ತಿನ್ನುತ್ತದೆ.

ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುವವನಿಗೆ ಎರಡೂ ಒಂದೇ ಥರ ಕಾಣುತ್ತವೆ. ಅನುಭವಸ್ಥ ಆದರೆ ಅಂದಾಜಿನಲ್ಲಿ ಒಂದನ್ನು ಬಿಡುತ್ತಾನೆ, ಇನ್ನೊಂದನ್ನು ಹಿಡಿಯುತ್ತಾನೆ. ಹೊಸಬ ಮುಚ್ಚಳದ ಮೇಲೆ ಅರ್ಧ ದಿನ ಕಳೆಯುತ್ತಾನೆ. ಹಾಗಾಗಿ ಬಿಗಿ ಬೇಕಾದ ಅಳತೆಯ ಪಕ್ಕದಲ್ಲಿ ‘ಬೇರಿಂಗ್ ಕೂರುವ ಜಾಗ’ ಅಂತ ಬರೆದು, ಉಳಿದದ್ದನ್ನು ಧಾರಾಳವಾಗಿ ಸಡಿಲ ಬಿಡಬೇಕು. ಸಡಿಲ ಬಿಡಲು ಯುವ ಇಂಜಿನಿಯರ್‌ಗಳು ಹೆದರುತ್ತಾರೆ. ನಾಳೆ ಏನಾದರೂ ಆದರೆ ತಮ್ಮ ತಲೆಗೆ ಬರುತ್ತದೆ ಅಂತ. ಈ ಹೆದರಿಕೆಗೆ ಕಂಪನಿ ಪ್ರತಿ ಬಿಲ್‌ನಲ್ಲೂ ದುಡ್ಡು ಕೊಡುತ್ತಿರುತ್ತದೆ.

ಇನ್ನು ನಮ್ಮ ಮಳೆಗಾಲ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ಊರು ನಮ್ಮದು. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ ನಿಷೇಧ. ಆ ಎರಡು ತಿಂಗಳು ಮೀನನ್ನೇ ನಂಬಿದ ಎಷ್ಟೋ ಮೆಷಿನ್‌ಗಳು ನಿಂತಿರುತ್ತವೆ. ಅತಿ ಹೆಚ್ಚು ತೇವ ಇರುವ ಹೊತ್ತಿನಲ್ಲೇ ಮೋಟಾರ್ ತಣ್ಣಗೆ ಕೂತಿರುತ್ತದೆ. ಓಡುತ್ತಿದ್ದರೆ ತನ್ನ ಬಿಸಿಯಿಂದಲೇ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಒಣಗಿರುತ್ತದೆ, ನಿಂತರೆ ತೇವ ಹೀರಿಕೊಳ್ಳುತ್ತದೆ. ಆಗಸ್ಟ್‌ನಲ್ಲಿ ದೋಣಿ ಇಳಿಯುವ ಗಡಿಬಿಡಿಯಲ್ಲಿ ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಿಡಿದು ನೋಡದೆ ಸ್ವಿಚ್ ಹಾಕುತ್ತಾರೆ. ಮೋಟಾರ್ ಸುಡುತ್ತದೆ.

ಇದನ್ನು ಮೆಂಟೆನೆನ್ಸ್‌ನವರ ಅಜಾಗರೂಕತೆ ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆ ಇಲ್ಲ. ಎರಡು ತಿಂಗಳು ನಿಲ್ಲುವ ಮೆಷಿನ್ ಅಂತ ಮೊದಲೇ ಗೊತ್ತಿದ್ದ ಮೇಲೆ ಮೋಟಾರ್ ಒಳಗೆ ಸಣ್ಣ ಸ್ಪೇಸ್ ಹೀಟರ್ (ನಿಂತಾಗ ಒಳಗನ್ನು ಬೆಚ್ಚಗಿಡುವ ಹೀಟರ್) ಇರಲಿ ಅಂತ ಆರ್ಡರ್‌ನಲ್ಲೇ ಬರೆಸಬಹುದು. ನೀರು ಇಳಿಯುವ ಡ್ರೈನ್ ತೂತು ಇರುವ ಮೋಟಾರ್ ತರಿಸಬಹುದು. ತರಿಸಿದರೂ ಸಾಲದು. ಅಡ್ಡ ಕೂರಬೇಕಾದ ಮೋಟಾರನ್ನು ಜಾಗ ಸಾಲದೆ ನೆಟ್ಟಗೆ ನಿಲ್ಲಿಸಿದರೆ ಆ ತೂತು ಪಕ್ಕಕ್ಕೆ ಬರುತ್ತದೆ, ನೀರು ಒಳಗೇ ನಿಲ್ಲುತ್ತದೆ. ‘ಈ ತೂತು ಕೆಳಗೇ ಇರಬೇಕು, ಒಳಗಿನ ನೀರು ಇಳಿಯಲು’ ಅಂತ ಲೇಔಟ್ ಡ್ರಾಯಿಂಗ್‌ನಲ್ಲಿ ಬಾಣ ಹಾಕಿ ತೋರಿಸಿದರೆ ಜೋಡಿಸುವವರು ಹಾಗೇ ಜೋಡಿಸುತ್ತಾರೆ. ಫ್ರೇಮಿನ ಚೌಕ ಪೈಪುಗಳಿಗೂ ಇದೇ ಮಾತು. ಪೂರ್ತಿ ಮುಚ್ಚಿ ವೆಲ್ಡ್ ಮಾಡಬೇಕು, ಇಲ್ಲ ಅಡಿಯಲ್ಲಿ ನೀರು ಇಳಿಯಲು ದಾರಿ ಬಿಡಬೇಕು. ಅರ್ಧಂಬರ್ಧ ಮುಚ್ಚಿದ ಪೈಪ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ, ಹೊರಗೆ ಪೇಂಟ್ ಚೆನ್ನಾಗಿಯೇ ಇರುತ್ತದೆ.

ಸ್ಪ್ಯಾನರ್ ಆಡಲು ಜಾಗ ಇಲ್ಲದ ಬೋಲ್ಟುಗಳ ಬಗ್ಗೆ ಫಿಟ್ಟರ್‌ಗಳು ಬೈಯುವುದನ್ನು ಎಲ್ಲ ಡಿಸೈನರ್‌ಗಳೂ ಒಮ್ಮೆ ಎದುರಿಗೆ ನಿಂತು ಕೇಳಬೇಕು. ಕಂಪ್ಯೂಟರ್ ಮಾಡೆಲ್‌ನಲ್ಲಿ ಬೋಲ್ಟ್ ಗಾಳಿಯಲ್ಲಿ ತೇಲಿ ಬಂದು ಕೂರುತ್ತದೆ. ನಿಜವಾದ ಷಟ್ಕೋನ ಬೋಲ್ಟಿಗೆ ಓಪನ್ ಸ್ಪ್ಯಾನರನ್ನು ಒಂದು ಹಿಡಿತದಲ್ಲಿ 60 ಡಿಗ್ರಿ ತಿರುಗಿಸಲು ಜಾಗ ಬೇಕು. ಬಾಯಿ 15 ಡಿಗ್ರಿ ವಾಲಿರುವ ಸ್ಪ್ಯಾನರನ್ನು ಮಗುಚಿ ಮಗುಚಿ ಹಾಕಿದರೆ 30 ಡಿಗ್ರಿಯಲ್ಲಿ ಸುಧಾರಿಸಬಹುದು. ಅದೂ ಇಲ್ಲದ ಕಡೆ ಚಿಸೆಲ್, ಸುತ್ತಿಗೆ ಬರುತ್ತವೆ. ಎಂ10 (10 ಮಿ.ಮೀ.) ಬೋಲ್ಟಿಗೆ ಹಳೆಯ ಜರ್ಮನ್ ಮಾನದಂಡ ಡಿಐಎನ್ ಪ್ರಕಾರ 17ರ ಸ್ಪ್ಯಾನರ್ ಬೇಕು, ಐಎಸ್ಒ ಪ್ರಕಾರ 16ರದ್ದು. ಒಂದೇ ಮೆಷಿನ್‌ನಲ್ಲಿ ಎರಡೂ ಸೇರಿದರೆ ಏಣಿ ಹತ್ತಿದವನು ಇನ್ನೊಂದು ಸ್ಪ್ಯಾನರ್‌ಗಾಗಿ ಸುಮ್ನೆ ಕೆಳಗಿಳಿದು ಬರಬೇಕು.

ಬದಲಾವಣೆ ಮಾಡಿದ ಡ್ರಾಯಿಂಗ್ ವರ್ಕ್‌ಶಾಪ್ ತಲುಪದೇ ಇರುವುದು ಬೇರೆಯೇ ಗೋಳು. ಈಚೆಗೆ ಡ್ರಾಯಿಂಗಿನ ಫೋಟೋ ವಾಟ್ಸಾಪ್‌ನಲ್ಲಿ ಹೋಗುತ್ತದೆ. 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ, ಯಾವ ರಿವಿಷನ್ ಅನ್ನುವ ಮೂಲೆ ಫೋಟೋದಲ್ಲಿ ಬಿದ್ದಿರುವುದೇ ಇಲ್ಲ. ಪಿಡಿಎಫ್ ಕಳಿಸಿ, ಹಳೆಯ ಪ್ರಿಂಟನ್ನು ವಾಪಸ್ ತೆಗೆದುಕೊಳ್ಳಿ. ಇದಕ್ಕೆ ಹೆಚ್ಚು ಹೇಳುವುದೇನಿಲ್ಲ.

ಮಾಲೀಕರಲ್ಲಿ ಒಂದು ಕೇಳಿಕೆ ಇದೆ. ಡಿಸೈನ್ ಮಾಡುವ ಹುಡುಗ ಹುಡುಗಿಯರನ್ನು ಆಗಸ್ಟ್‌ನ ಮೊದಲ ವಾರ ಎಸಿ ರೂಮಿನಲ್ಲಿ ಕೂರಿಸಬೇಡಿ. ನಿಂತಿದ್ದ ಮೆಷಿನ್‌ಗಳು ಮತ್ತೆ ಶುರುವಾಗುವಾಗ ಫಿಟ್ಟರ್ ಜೊತೆಗೆ ಸೈಟಿಗೆ ಕಳಿಸಿ. ಯಾವ ಬೋಲ್ಟ್ ಬಿಚ್ಚಲು ಬರಲಿಲ್ಲ, ಯಾವ ಮೋಟಾರ್ ಮೆಗ್ಗರ್‌ನಲ್ಲಿ ಕಡಿಮೆ ತೋರಿಸಿತು, ಯಾವ ಗಾರ್ಡ್ ಬಿಚ್ಚದೆ ಗ್ರೀಸ್ ಹಾಕಲು ಆಗಲಿಲ್ಲ ಅಂತ ಅವರೇ ಬರೆದುಕೊಂಡು ಬರಲಿ. ಮುಂದಿನ ಡ್ರಾಯಿಂಗ್‌ನಲ್ಲಿ ಪಕ್ಕಕ್ಕೆ ಏನು ಬರೆಯಬೇಕು ಅನ್ನುವುದು ಆ ಪಟ್ಟಿಯಲ್ಲೇ ಇರುತ್ತದೆ.